ಚಾಕೋಚ್ಚನ ಮನೆಯ ಭಾನುವಾರ

ಖಾಲಿ ಲೋಟ ಕಂಡರೆ ಚಾಕೋಚ್ಚನಿಗೆ ಕೂರಲಾಗುತ್ತಿರಲಿಲ್ಲ. ಮಾತಿನ ನಡುವೆಯೇ ಎದ್ದು, ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನನ್ನು ಅಂಚಿನವರೆಗೆ ತುಂಬಿಸಿ, ಏನೂ ಆಗದವರಂತೆ ಮತ್ತೆ ಕೂರುತ್ತಿದ್ದರು.

ನೆಲ್ಯಾಡಿಯಿಂದ ಒಳಗೆ, ಕಾಡಿನಂಚಿನ ರಬ್ಬರ್ ತೋಟದಲ್ಲಿ ಅವರ ಮನೆ. ಭಾನುವಾರ ಚರ್ಚಿನಿಂದ ಬಂದವರೇ ಫೋನ್ ಮಾಡುತ್ತಿದ್ದರು. "ಬರ್ತೀರಾ ಅಂತ ಕೇಳುದಲ್ಲ ಮಾರಾಯ್ರೆ. ಹಂದಿ ಒಲೆ ಮೇಲುಂಟು, ಮರಗೆಣಸು ಬೇಯ್ತಾ ಉಂಟು."

ನಾನು, ನಿವೃತ್ತ ಪೋಸ್ಟ್‌ಮ್ಯಾನ್ ಶೀನಪ್ಪ ಗೌಡರು, ಹಾರ್ಡ್‌ವೇರ್ ಅಂಗಡಿಯ ಹಮೀದ್, ಮೂವರೂ ಹಮೀದರ ಜೀಪಿನಲ್ಲಿ ಹೋಗುತ್ತಿದ್ದೆವು. ಹಮೀದರಿಗೆ ಅವರದೇ ತಮ್ಮನ ಅಂಗಡಿಯ ಕೋಳಿ, ಬೇರೆ ಪಾತ್ರೆಯಲ್ಲಿ. ವೈನಿನ ಬದಲು ಪುನರ್ಪುಳಿ ಶರಬತ್ತು. ಆ ಕೋಳಿಯ ಸೌಟನ್ನು ಬೇರೆ ಯಾವುದಕ್ಕೂ ಮುಟ್ಟಿಸಲು ಚಾಕೋಚ್ಚ ಬಿಡುತ್ತಿರಲಿಲ್ಲ.

ಕಳೆದ ವರ್ಷ ಆನೆಗಳು ಬರತೊಡಗಿದವು. ಮೊದಲು ಬಾಳೆ ಹೋಯಿತು, ಆಮೇಲೆ ಬೇಲಿ. ಒಂದು ಭಾನುವಾರ ಕೈ ತೊಳೆಯಲು ಹಿತ್ತಿಲಿಗೆ ಹೋದ ಹಮೀದ್ ಮೆಲ್ಲನೆ ನನ್ನನ್ನು ಕರೆದರು. ಅಡುಗೆಮನೆಯ ಗೋಡೆಯ ಪಕ್ಕದಲ್ಲೇ ಲದ್ದಿ, ಇನ್ನೂ ಹಸಿ.

"ಇನ್ನು ನೆಲ್ಯಾಡಿಯ ಹೋಟೆಲಿನಲ್ಲಿ ಸೇರುವ," ಎಂದೆ.

ಚಾಕೋಚ್ಚನ ಮುಖ ಸಣ್ಣದಾಯಿತು. "ಹೋಟೆಲಿನಲ್ಲಿ ನಾನು ಯಾರಿಗೆ ಬಡಿಸುದು?"

ಆಮೇಲೂ ಹೋದೆವು. ಆದರೆ ಎಲ್ಲೋ ಒಂದು ಕೊಂಬೆ ಮುರಿದರೂ ಸಾಕು, ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಎತ್ತಿದ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಕೊನೆಯ ಭಾನುವಾರ ಬೆಳಕಿರುವಾಗಲೇ ಎದ್ದೆವು. "ಪಾಯಸ ಉಂಟು, ಕುಡಿಯದೆ ಹೋಗುದೆಂತ?" ಎಂದು ಮತ್ತೆ ಕೂರಿಸಿದರು. ಹೊರಡುವಾಗ ಮಬ್ಬುಗತ್ತಲೆ. ಬೇಡವೆಂದರೂ ಕೇಳದೆ, ಇಳಿಜಾರಿನ ಕೆಳಗೆ ನಿಲ್ಲಿಸಿದ್ದ ಜೀಪಿನವರೆಗೂ ಬಂದರು. ಅಷ್ಟರಲ್ಲಿ ರಬ್ಬರ್ ಮರಗಳ ನಡುವೆ ಯಾರೋ ದೀರ್ಘವಾಗಿ ಉಸಿರು ಬಿಟ್ಟಂಥ ಸದ್ದು.

ಚಾಕೋಚ್ಚ ನನ್ನ ತೋಳು ಹಿಡಿದರು. "ಓಡ್ಬೇಡಿ. ಮಾತಾಡ್ಬೇಡಿ. ಹತ್ತಿ."

"ನೀವೂ ಹತ್ತಿ," ಶೀನಪ್ಪ ಗೌಡರು ಪಿಸುಗುಟ್ಟಿದರು.

"ಮೇಲೆ ಅನ್ನಮ್ಮ ಒಬ್ಬಳೇ ಅಲ್ವಾ. ಬಾಗಿಲು ತೆರೆದೇ ಉಂಟು."

ಹೆಂಡತಿಯ ಹೆಸರು ಹೇಳಿದವರೇ ತಿರುಗಿ ಮೇಲೆ ನಡೆದರು. ಅವರು ಉಟ್ಟಿದ್ದ ಬಿಳಿ ಮುಂಡು ಸ್ವಲ್ಪ ದೂರ ಕಂಡಿತು, ಆಮೇಲೆ ಕಾಣಲಿಲ್ಲ.

ಮನೆಯ ಮೆಟ್ಟಿಲು ಇನ್ನೇನು ಸಿಕ್ಕಿತು ಎನ್ನುವಲ್ಲಿ ಆನೆ ಅವರನ್ನು ತುಳಿದು ಕೊಂದಿತ್ತು. ಬೆಳಿಗ್ಗೆ ನಾವು ಹೋದಾಗ ಅಂಗಳ ತುಂಬ ಜನ, ಅರಣ್ಯ ಇಲಾಖೆಯ ಗಾಡಿ. ಜಗಲಿಯಲ್ಲಿ ಕೂತಿದ್ದ ಅನ್ನಮ್ಮ ನಮ್ಮನ್ನು ಕಂಡು ತಲೆಯೆತ್ತಿದರು.

"ನೀವು ಮೂವರೂ ಸರಿಯಾಗಿ ಮನೆ ಮುಟ್ಟಿದ್ರಾ?" ಎಂದು ಕೇಳಿದರು.