ಒಳಗಿನೋರು ಪೊರೆ ಬಿಡೋ ತನಕ

ನನ್ನ ಅತ್ತೆ ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹಾವನ್ನು ಹಾವು ಎಂದೂ ಅನ್ನುತ್ತಿರಲಿಲ್ಲ. ಗಂಡ ‘ಹೊರಗಿನೋರು’, ಹಾವು ‘ಒಳಗಿನೋರು’. ನಾನು ಮದುವೆಯಾಗಿ ಬಿಳಿಚೋಡಿನಿಂದ ಹೊನ್ನಾಳಿಗೆ ಬಂದ ಹೊಸತರಲ್ಲಿ, “ಒಳಗಿನೋರಿಗೆ ನೀರಿಟ್ಟು ಬಾರವ್ವ” ಎಂದರು. ಯಾರೋ ಹಾಸಿಗೆ ಹಿಡಿದ ಹಿರಿಯರಿರಬೇಕು ಅಂದುಕೊಂಡು ತಂಬಿಗೆ ಬೆಳಗಿ, ಸೆರಗು ಹೊದ್ದು, ಕಾಲಿಗೆ ಬೀಳುವ ತಯಾರಿಯಲ್ಲೇ ಕಾಳಿನ ಕೋಣೆಗೆ ಹೋದೆ. ಜೋಳದ ಚೀಲದ ಮೇಲೆ ನನಗಿಂತ ಉದ್ದದ ಕೇರೆಹಾವು ಮಲಗಿತ್ತು. ನಾನು ತಂಬಿಗೆ ಬಿಟ್ಟು ಓಡಿದ ಸದ್ದಿಗೆ ಅದೂ ಹೆದರಿ ಚೀಲದ ಸಂದಿಗೆ ನುಗ್ಗಿತು. ಅತ್ತೆ ಬಂದು ಮೊದಲು ವಿಚಾರಿಸಿದ್ದು ಅದನ್ನೇ, ನನ್ನನ್ನಲ್ಲ.

ಮಾವನವರದು ಕಾಳಿನ ವ್ಯಾಪಾರ. ಇಲಿ ಕಾಟ ತಡೆಯಲಾರದೆ ಬೆಕ್ಕು ಸಾಕಿದ್ದರಂತೆ. ಅದು ಹಾಲು ಕುಡಿದು ಬಿಸಿಲು ಕಾಯಿಸಿಕೊಂಡು, ಇಲಿಗಳ ಜೊತೆ ಬಹಳ ಚೆನ್ನಾಗಿತ್ತಂತೆ. ಆಮೇಲೆ ಹೊಲದಲ್ಲಿ ಸಿಕ್ಕ ಗೇಣುದ್ದದ ಕೇರೆಮರಿಯನ್ನು ಗಡಿಗೆಯಲ್ಲಿ ಹಾಕಿಕೊಂಡು ಬಂದು ಕೋಣೆಗೆ ಬಿಟ್ಟರು. ಅದು ಮಾವನವರ ಕೈಮೇಲೆ ಹರಿದಾಡಿ ಬೆಳೆಯಿತು. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅನ್ನುತ್ತಾರಲ್ಲ, ನನಗೆ ಆ ಅನುಕೂಲವೂ ಇರಲಿಲ್ಲ. ನಮ್ಮ ಮನೆಯಲ್ಲಿ ಕೊತ್ತಿಯ ಜಾಗದಲ್ಲಿದ್ದದ್ದು ಇದು. ಇದರ ಮೇಲೆ ಕೋಪ ತೀರಿಸಿಕೊಳ್ಳಲು ಯಾವ ಸೊಸೆಗೆ ಗುಂಡಿಗೆ ಇದೆ?

ನನಗೆ ದಿನ ತುಂಬುತ್ತಾ ಬಂದಾಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಏರು ಬಂದರೆ ಜನ ಇಳಿದು ತಳ್ಳಬೇಕು. ಹಾಗಾಗಿ ಅಣ್ಣ ಬಿಳಿಚೋಡಿನಿಂದ ಚಾಪೆಯ ಕಮಾನು ಕಟ್ಟಿದ ಗಾಡಿ ತಂದ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಅದು ಯಾರೂ ವಾದ ಮಾಡದ ಮಾತು. ನನಗೆ ಶಾಸ್ತ್ರಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಹೆರುವುದೆಂದರೆ ಏನೆಂದು ಗೊತ್ತಿಲ್ಲ, ಗೊತ್ತಿರುವ ಅವ್ವನ ಕೈ ಹಿಡಿದುಕೊಂಡು ಹೆರಬೇಕು, ಅಷ್ಟೇ. ಗಾಡಿ ಕಂಡ ಕೂಡಲೇ ಅತ್ತುಬಿಟ್ಟೆ.

ಅದೇ ಹೊತ್ತಿಗೆ ಕಾಳಿನ ಕೋಣೆಯಿಂದ ಅತ್ತೆ ಹೊರಬಂದು, “ಒಳಗಿನೋರಿಗೆ ಕಣ್ಣು ಬೆಳ್ಳಗಾಗೈತೆ. ಪೊರೆಗೆ ಬಂದಾರೆ. ಅವರು ಪೊರೆ ಬಿಡೋ ತನಕ ಮನಿ ಬಸುರಿ ಹೊಸ್ತಿಲು ದಾಟಂಗಿಲ್ಲ” ಎಂದರು.

“ಇದ್ಯಾವ ಶಾಸ್ತ್ರ ಅಮ್ಮಾರೆ, ನಮ್ಮ ಕಡೆ ಕೇಳೇ ಇಲ್ಲ” ಎಂದ ಅಣ್ಣ.

“ನಿಮ್ಮ ಕಡೆ ಮಳೇನೇ ಬರಂಗಿಲ್ಲ, ಶಾಸ್ತ್ರ ಎಲ್ಲಿಂದ ಬರ್ಬೇಕು? ಎತ್ತು ಬಿಚ್ಚಿ ಕೈಕಾಲು ತೊಳಕಳ್ರಿ. ರೊಟ್ಟಿ ಹಾಕ್ತೀನಿ.”

ನನ್ನ ಗಂಡನ ಮುಖ ನೋಡಿದೆ. ಅವರು ಸೂರಿನ ಜಂತಿ ನೋಡಿದರು. ತಮ್ಮ ಅವ್ವ ಬಾಯಿ ತೆಗೆದರೆ ಅವರಿಗೆ ಜಂತಿಯಲ್ಲಿ ಏನೋ ಕಾಣಿಸುತ್ತಿತ್ತು. ಮಾವನವರನ್ನು ನೋಡಿದರೆ ಅವರು ಏನೋ ಹೇಳಲು ಬಾಯಿ ತೆಗೆದು, ಅತ್ತೆಯ ಕಣ್ಣು ಕಂಡು, ಎಲೆಯಡಿಕೆ ಹಾಕಿಕೊಂಡರು.

ಅತ್ತು ಫಲವಿಲ್ಲ ಎಂದು ಗೊತ್ತಾದ ಮೇಲೆ ನಾನು ಹಾವಿನ ಚಾಕರಿಗೆ ನಿಂತೆ. ಅದು ಬೇಗ ಪೊರೆ ಬಿಟ್ಟರೆ ನಾನು ಬೇಗ ಅವ್ವನ ಹತ್ತಿರ ಇರುತ್ತೇನೆ, ಲೆಕ್ಕ ಇಷ್ಟೇ. ಅತ್ತೆ ಅದಾಗಲೇ ಅದಕ್ಕೆ ಬಾಣಂತನ ಶುರುಮಾಡಿದ್ದರು. ಕೋಣೆಯ ಕಿಟಕಿಗೆ ಕಂಬಳಿ, ಗಾಳಿ ತಾಕಬಾರದು. ಮೂಲೆಯಲ್ಲಿ ಲೋಬಾನದ ಹೊಗೆ. ಇನ್ನೇನು ಮೈಗೆ ಹರಳೆಣ್ಣೆ ಹಚ್ಚಬೇಕು ಅನ್ನುವಷ್ಟರಲ್ಲಿ ಮಾವನವರು ಬಟ್ಟಲು ಕಿತ್ತುಕೊಂಡರು. “ಎಣ್ಣಿ ಗಿಣ್ಣಿ ಬ್ಯಾಡ. ಅದಕ್ಕೆ ಬೇಕಾದ್ದು ತೇವ, ಮತ್ತೆ ಮೈ ಉಜ್ಜಾಕೆ ಒರಟು ಜಾಗ. ಕಣ್ಣು ಕಾಣಲ್ಲ, ಸಿಟ್ಟಿನಾಗೆ ಇರ್ತತೆ, ಮುಟ್ಟಾಕೆ ಹೋಗಬ್ಯಾಡ್ರಿ. ಪೊರೆ ಬಿಡೋ ತನಕ ಬಾಯಿಗೆ ಏನೂ ಹಾಕಂಗಿಲ್ಲ ಅದು” ಎಂದು ನನಗೆ ಹೇಳಿಕೊಟ್ಟರು.

ನಾನು ಗೋಣಿಚೀಲ ನೆನೆಸಿ ಹಾಸಿದೆ. ಅಗಲದ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟೆ. ಹಿತ್ತಲಿನಲ್ಲಿ ಬಿದ್ದಿದ್ದ ಬೀಸುಕಲ್ಲಿನ ಒಡಕು ತುಂಡನ್ನು ಉರುಳಿಸಿಕೊಂಡು ಬಂದು ಮೂಲೆಗೆ ಹಾಕಿದೆ. ಚೀಲ ಒಣಗಿದಾಗಲೆಲ್ಲ ಮತ್ತೆ ನೆನೆಸುವುದು, ಹೊಟ್ಟೆ ಹೊತ್ತು ಬಗ್ಗುವುದು, ಏಳಲಾರದೆ ಗೋಡೆ ಹಿಡಿಯುವುದು. ನನ್ನ ಕಾಲು ಬಾತು ಕಾಲುಂಗುರ ಬಿಗಿಯುತ್ತಿತ್ತು. ಅದನ್ನು ಕೇಳುವವರಿಲ್ಲ, ಒಳಗಿನೋರ ಮೈ ಬಿಗಿದಿದೆ ಎಂದು ಮನೆಯೆಲ್ಲ ಮೆಲ್ಲಗೆ ಮಾತಾಡುತ್ತಿತ್ತು. ಯಾರೂ ಇಲ್ಲದಾಗ ಅದಕ್ಕೆ ನಾಲ್ಕು ಮಾತು ಬೈಯುತ್ತಿದ್ದೆ. “ಒಂದು ಅಂಗಿ ಬಿಚ್ಚಾಕೆ ಇಷ್ಟು ಸೊಕ್ಕೇನೋ ನಿಂಗೆ? ನಾನಿಲ್ಲಿ ಒಂದು ಜೀವ ಹೊತ್ಕಂಡು ನಿಂತೀನಿ.” ಅದು ಮಜ್ಜಿಗೆ ಬಣ್ಣದ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿತ್ತು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ನಾನು ಬೈದದ್ದನ್ನು ಎದುರಾಡದೆ ಕೇಳಿದ್ದು ಅದೊಂದೇ.

ಅಣ್ಣ ಈ ನಡುವೆ ಅತ್ತೆಯ ರೊಟ್ಟಿ ತಿಂದು, ಹೊಳೆಯಲ್ಲಿ ಈಜಿ, ನ್ಯಾಮತಿ ಸಂತೆ ನೋಡಿಕೊಂಡು ಬಂದು ದುಂಡಗಾಗುತ್ತಿದ್ದ. ಎತ್ತುಗಳೂ ದುಂಡಗಾಗುತ್ತಿದ್ದವು. ಒಂದು ಬೆಳಿಗ್ಗೆ ಹಾವಿನ ಕಣ್ಣು ತಿಳಿಯಾದದ್ದನ್ನು ಕಂಡು ನಾನೇ ಓಡಿಬಂದು ಹೇಳಿದೆ. ಅಣ್ಣ ಗಾಡಿ ಹೂಡಿದ. ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಕಣ್ಣು ಬಂದ್ರೆ ಆತೇನು? ಪೊರೆ ಎಲ್ಲೈತೆ ತೋರಿಸ್ರಿ” ಎಂದರು. ಮಾವನವರೂ, ಕಣ್ಣು ತಿಳಿಯಾದ ಮೇಲೆ ಪೊರೆ ಕಳಚುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕು ಎಂದರು. ಅಣ್ಣ ಮತ್ತೆ ಎತ್ತು ಬಿಚ್ಚಿದ.

ದಿನ ಕಳೆದವು, ಪೊರೆ ಕಾಣಲಿಲ್ಲ. ಹೀಗಿರುವಾಗ ಒಂದು ಸೋಮವಾರ ಅತ್ತೆ ಮಠಕ್ಕೆ ಹೋದ ಮೇಲೆ ನಾನು ಚೀಲ ನೆನೆಸಲು ಹೋದೆ. ಒಳಗಿನೋರು ಕೋಣೆಯ ನಡುವೆ ದೊಡ್ಡ ಇಲಿಯೊಂದನ್ನು ನುಂಗುತ್ತಿದ್ದರು. ಕಿಟಕಿಯ ಕಂಬಳಿ ಸರಿಸಿ ನೋಡಿದೆ. ಮೈ ಹೊಸ ಹಿತ್ತಾಳೆ ಕೊಡದ ಹಾಗೆ ಹೊಳೆಯುತ್ತಿತ್ತು. ಬೀಸುಕಲ್ಲಿನ ಒಡಕಿನಲ್ಲಿ ಪೊರೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಅಂದರೆ ಪೊರೆ ಬಿಟ್ಟಾಗಿದೆ. ಬಿಟ್ಟದ್ದನ್ನು ಯಾರೋ ಎತ್ತಿದ್ದಾರೆ.

ಯಾರೋ ಏನು ಬಂತು, ಗೊತ್ತಿತ್ತಲ್ಲ. ಪೊರೆ ಸುಟ್ಟರೆ ದೋಷ, ಎಸೆದರೆ ದೋಷ ಎನ್ನುವ ಹೆಂಗಸು ಅದನ್ನು ಇಡುವುದಾದರೆ ಇಡುವ ಜಾಗ ಒಂದೇ. ವಿಭೂತಿ ಗೂಡಿನಿಂದ ಬೀಗದ ಕೈ ತೆಗೆದು ಅತ್ತೆಯ ಕರಿ ಪೆಟ್ಟಿಗೆ ತೆರೆದೆ. ಮೇಲೇ ಇತ್ತು ಶುಂಠಿ, ಅಂಟು, ಉತ್ತುತ್ತೆ, ಬಾಣಂತಿಗೆ ಬೇಕಾದ ಸಕಲ ಸಾಮಾನು. ಅದರ ಕೆಳಗೆ ಹಳೇ ಸೀರೆಯ ತುಂಡಿನಲ್ಲಿ ಮಡಚಿಟ್ಟ ಪೊರೆ, ತಲೆಯಿಂದ ಬಾಲದವರೆಗೆ. ನನ್ನನ್ನು ತವರಿಗೆ ಕಳಿಸುವ ಮನಸ್ಸೇ ಇವರಿಗೆ ಇರಲಿಲ್ಲ. ಬರಲಿ, ಅಣ್ಣನ ಎದುರಿಗೇ ಇದನ್ನು ಮುಖಕ್ಕೆ ಹಿಡಿಯುತ್ತೇನೆ ಎಂದು ಎಳೆದಾಗ ಅದರ ಜೊತೆ ಒಂದು ಕೂಸಿನ ಕುಲಾವಿಯೂ ಬಂತು. ನನ್ನ ಗಂಡನ ಕುಲಾವಿಯನ್ನು ನಾನು ನೋಡಿದ್ದೆ, ಎಣ್ಣೆ ಕುಡಿದು ಕಪ್ಪಾಗಿತ್ತು. ಇದು ಬೇರೆ. ಹಳೆಯದು, ಆದರೆ ಒಂದು ಸಲವೂ ತಲೆಗೇರಿರಲಿಲ್ಲ. ಅದರ ದಾರ ಇನ್ನೂ ಬಿರುಸಾಗಿತ್ತು.

ಕುಲಾವಿ ಹಿಡಿದುಕೊಂಡೇ ಅಂಗಡಿ ಬಾಗಿಲಿಗೆ ಹೋದೆ. “ಮಾವಾರೆ, ಅತ್ತೀದು ಚೊಚ್ಚಲು ಎಲ್ಲಿ ಆತ್ರಿ?”

ಅವರು ಕೈಯಲ್ಲಿದ್ದ ಸೇರು ಕೆಳಗಿಟ್ಟರು. “ಗಾಡಿಯಾಗೆ ಆತವ್ವ. ಕೆರೆಬಿಳಚಿ ಅವಳ ತವರು. ಬಸವಾಪಟ್ಟಣ ದಾಟಿದ್ವಿ, ಊರು ಮುಟ್ಟಲಿಲ್ಲ. ಕೂಸು ಉಳೀಲಿಲ್ಲ.” ಆಮೇಲೆ ಬಾಯಿ ಒರೆಸಿಕೊಂಡು, “ನಾನು ಹೇಳಬಾರದಿತ್ತು. ಬಸುರಿ ಮುಂದೆ ಇಂಥದ್ದು ಆಡಬಾರದು ಅಂತ ಅವಳು ಆಣೆ ಇಡಿಸ್ಕಂಡಿದ್ಳು” ಎಂದರು.

ಕೆರೆಬಿಳಚಿ ಹೊನ್ನಾಳಿಗೆ ಒಂದು ಹಗಲಿನ ದಾರಿ. ಬಿಳಿಚೋಡು ಎಲ್ಲಿ, ದಾವಣಗೆರೆ ದಾಟಿ ಆಚೆ. ಎರಡು ದಿನದ ಕುಲುಕಾಟ. ಬೇಡವೆನ್ನಲು ಕಾರಣ ಹೇಳಬೇಕು, ಕಾರಣವನ್ನು ಬಸುರಿಯ ಮುಂದೆ ಬಾಯಲ್ಲಿ ಆಡುವ ಹಾಗಿಲ್ಲ. ಅದಕ್ಕೇ ಆ ಹೆಂಗಸು ಹಾವನ್ನು ಮುಂದೆ ಬಿಟ್ಟಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇದೇ ಇರಬೇಕು. ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಅಷ್ಟು ಗೋಣಿ ನೆನೆಸಿದ್ದೇನೆ. ಆದರೂ ಪೊರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ, ಕುಲಾವಿ ಅದರ ಕೆಳಗಿಟ್ಟು, ಬೀಗ ಹಾಕಿ ಬಂದೆ. ಗೋಡೆಗೊರಗಿ ಕೂತು ಬಹಳ ಹೊತ್ತು ಕಣ್ಣೀರು ಹಾಕಿದೆ.

ಸಂಜೆ ಅತ್ತೆ ಮಠದಿಂದ ಬಂದು ಜಗಲಿ ಹತ್ತುತ್ತಿದ್ದರು. ಅಣ್ಣನಿಗೂ ತಾಳ್ಮೆ ಮುಗಿದಿತ್ತು. ಅವರಿಗೂ ಕೇಳಲಿ ಎಂದೇ ಜೋರಾಗಿ, “ಏನವ್ವ ತಂಗಿ, ಇವತ್ತಾದ್ರೂ ಬಿಡ್ತೇನು ಪೊರೆ?” ಎಂದ. ಅತ್ತೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತರು.

“ಇಲ್ಲಣ್ಣ” ಎಂದೆ. “ಈ ಸಲ ತಡ ಆಗ್ತತೆ. ನೀನು ಗಾಡಿ ಹೊಡ್ಕಂಡು ಹೋಗಿ ಅವ್ವನ್ನ ಇಲ್ಲಿಗೇ ಕರಕಂಡು ಬಾ.”

ಅತ್ತೆ ನನ್ನನ್ನೇ ನೋಡಿದರು. ನಾನು ಜಂತಿ ನೋಡಿದೆ. ಅಷ್ಟರಲ್ಲಿ, ಇದಕ್ಕೇ ಕಾದಿದ್ದವರ ಹಾಗೆ, ಒಳಗಿನೋರು ಹೊಟ್ಟೆಯಲ್ಲಿ ಇಲಿಯ ಗಂಟು ಹೊತ್ತು ಪಡಸಾಲೆಯ ನಡುವೆ ಥಳಥಳ ಹೊಳೆಯುತ್ತಾ ಹರಿದುಹೋದರು.

“ಇದೇನು, ಹಿಂಗೆ ಮಿಂಚತೈತಲ್ಲ” ಎಂದ ಅಣ್ಣ.

“ಎಣ್ಣಿ ಹಚ್ಚೀವಿ” ಎಂದರು ಅತ್ತೆ. ಅಂಗಡಿಯೊಳಗೆ ಮಾವನವರಿಗೆ ಎಲೆಯಡಿಕೆ ನೆತ್ತಿಗೇರಿ ಕೆಮ್ಮು ಬಂತು.

ಅವ್ವ ಬಂದಳು, ಅವಳ ಕೈ ಹಿಡಿದುಕೊಂಡೇ ಹೆತ್ತೆ. ಇನ್ನೊಂದು ಕೈಯನ್ನು ಅತ್ತೆ ಹಿಡಿದಿದ್ದರು, ಉಗುರು ಊರುವಷ್ಟು ಬಿಗಿಯಾಗಿ. ಹೆರುತ್ತಿದ್ದವಳು ನಾನೋ ಅವರೋ ಅನ್ನುವ ಹಾಗೆ. ಹೆಣ್ಣು ಕೂಸು ಮನೆ ಹಾರಿಹೋಗುವಂತೆ ಚೀರಿತು. ಅತ್ತೆ ಕಿವಿಗೊಟ್ಟು ಆ ಅಳುವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದುಹೋಗಿ ಪೆಟ್ಟಿಗೆ ತೆರೆದ ಸದ್ದಾಯಿತು. ಪೊರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವ್ವನಿಗೆ ತೋರಿಸಿದರು. “ನೋಡ್ರಿ, ಈಗ ಬಿಟ್ಟರು ಒಳಗಿನೋರು.”

ಅವ್ವ ಮೂಗು ಹತ್ತಿರ ತಂದು, “ಶುಂಠಿ ವಾಸನೆ ಬರ್ತೈತಲ್ರಿ” ಎಂದಳು.

“ಹೌದವ್ವ, ಈಗ್ಲೇ ಬಿಟ್ಟಿದ್ದು. ನಾನೂ ನೋಡಿದೆ” ಎಂದೆ ಮಲಗಿದಲ್ಲಿಂದಲೇ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಾಲ ಹತ್ತಿರ ಕೂತರು. ಬಾತಿದ್ದ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಉಜ್ಜತೊಡಗಿದರು.