ಹಗ್ಗ ಎರಡು ಸಲ ಜಗ್ಗಿದಾಗ

ಅಂಗೈಯಲ್ಲಿದ್ದ ನೀಲಿ ಹಗ್ಗ ಎರಡು ಸಲ ಜಗ್ಗಿತು. ಒಂದು ಸಲ ಜಗ್ಗಿದರೆ ನಿಲ್ಲಿಸಬೇಕು, ಎರಡು ಸಲ ಜಗ್ಗಿದರೆ ಕೇಬಲ್ ಬಿಡಬೇಕು. ಋಷಿಕೊಂಡದ ಹತ್ತಿರದ ಆ ಗುಡ್ಡದ ಕೊರಕಲಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಕಡಲ ಗಾಳಿಗೆ ಕೂಗಿದ್ದೂ ಕೇಳಿಸುವುದಿಲ್ಲ. ಫೈಬರ್ ಕೇಬಲ್ ಎಳೆಯುವ ನಮ್ಮ ತಂಡದ ಮಾತೆಲ್ಲ ಹಗ್ಗದಲ್ಲೇ. ಕೇಬಲ್ ಸುತ್ತಿದ ಡ್ರಮ್ಮಿನ ಬಳಿ ಇದ್ದವರಿಗೆ "ಬಿಡಿ" ಎಂದೆ. ಕೇಬಲ್ ಸರ್ರನೆ ಇಳಿಯಿತು.

ಮರುಕ್ಷಣ ಹಗ್ಗ ಸಡಿಲವಾಯಿತು. ಕೆಳಗಿದ್ದವರು ಲೈನ್‌ಮನ್ ಅಪ್ಪಾರಾವು. ನಾನು ಜಗ್ಗಿದರೆ ಅವರು ಜಗ್ಗಿ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಎಂಬ ಹೆದರಿಕೆಗೆ ಜಗ್ಗಲು ಕೈಯೇ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಪೊದೆಗಳ ನಡುವೆ ಹಳದಿ ಹೆಲ್ಮೆಟ್ ಕಾಣಿಸಿತು. ಕೇಬಲ್ ಬಡಿದು ಜಾರಿ ಬಿದ್ದಿದ್ದರು, ಮೊಣಕೈ ತರಚಿತ್ತು. "ಒಕ್ಕಸಾರೇ ಲಾಗಾನಮ್ಮಾ" ಎಂದರು ತೆಲುಗಿನಲ್ಲಿ. ಒಂದೇ ಸಲ ಜಗ್ಗಿದ್ದರಂತೆ. ನನ್ನ ಮುಖ ನೋಡಿ, ಎರಡನೆಯ ಸಲ ಜಗ್ಗಿದವನು ಯಮನೇ ಇರಬೇಕು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಹಗ್ಗದ ಮೇಲಿನ ತುದಿಯನ್ನು ಅವರ ಕೈಗೆ ಕೊಟ್ಟು, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ನಾನೇ ಇಳಿದೆ. ಅರ್ಧ ದಾರಿಯಲ್ಲಿ ಒಂದು ಬಂಡೆಯ ಚೂಪು ಅಂಚಿಗೆ ನೀಲಿ ನೂಲು ಅಂಟಿತ್ತು. ಹಗ್ಗ ಅಲ್ಲಿ ಸಿಕ್ಕಿ ಬಿಡಿಸಿಕೊಂಡಾಗ, ಅವರು ಒಮ್ಮೆ ಜಗ್ಗಿದ್ದು ನನಗೆ ಎರಡಾಗಿ ತಲುಪಿತ್ತು. ಆ ಅಂಚಿನ ಮೇಲೆ ಗೋಣಿಚೀಲ ಮಡಿಸಿ ಹಾಸಿ, ಕೆಳಗಿಳಿದು, ಒಂದೇ ಸಲ ಜಗ್ಗಿದೆ. ಮೇಲಿನಿಂದಲೂ ಹಗ್ಗ ಒಂದೇ ಸಲ ಜಗ್ಗಿತು.