ವಧುಗಳಿದ್ದ ಡಿಸ್ಕು

ಫರ್ಹತ್‌ಗೆ ಅಸಹ್ಯ ಬೇಗ ಹುಟ್ಟುತ್ತದೆ. ಕೆಟ್ಟುಹೋದ ಲ್ಯಾಪ್‌ಟಾಪು ರಿಪೇರಿ ಮಾಡುವವಳಿಗೆ ಇದು ಒಳ್ಳೆಯ ಗುಣವಲ್ಲ. ಕೀಬೋರ್ಡು ಬೋರಲು ಹಾಕಿದರೆ ಕೂದಲು, ಉಗುರು, ಖಾರಾಬೂಂದಿಯ ಚೂರು ಉದುರುತ್ತವೆ. ಫ್ಯಾನಿನೊಳಗೆ ಜಿರಳೆ ಮೊಟ್ಟೆ ಸಿಗುತ್ತದೆ. ಅವಳು ಮುಖ ಕಿವುಚಿಕೊಂಡೇ ಎಲ್ಲವನ್ನೂ ಉಜ್ಜಿ ತೆಗೆದು, ಆಮೇಲೆ ಸ್ಕ್ರೂಡ್ರೈವರ್ ಮುಟ್ಟುತ್ತಾಳೆ. ಶ್ರೀರಂಗಪಟ್ಟಣದಲ್ಲಿ ಗಂಜಾಂ ಕಡೆಗೆ ಹೋಗುವ ರಸ್ತೆಯಲ್ಲಿ ಅವಳ ಮನೆ. ಮುಂದಿನ ಕೋಣೆಯೇ ಅಂಗಡಿ, ಬೋರ್ಡು ಇಲ್ಲ. ಗಂಡ ಹಸೀಬ್ ಗೂಡ್ಸ್ ಆಟೋ ಓಡಿಸುತ್ತಾನೆ. ಮದುವೆಗೆ ಮುಂಚೆ ಪಾಲಿಟೆಕ್ನಿಕ್‌ನಲ್ಲಿ ಕಲಿತ ಕಂಪ್ಯೂಟರ್ ವಿದ್ಯೆ ಮನೆಯಲ್ಲೇ ಕೆಲಸಕ್ಕೆ ಬಂತಲ್ಲ ಅಂತ ಅವನಿಗೆ ಹೆಮ್ಮೆ.

ಒಂದು ದಿನ ಬೆಳಿಗ್ಗೆ ಮರಿಸ್ವಾಮಿ ಬಂದ. ಕೆ.ಆರ್. ಪೇಟೆ ಕಡೆಯವನು, ಐವತ್ತು ದಾಟಿದವನು. ಬಿಳಿ ಶರ್ಟು, ಕಂಕುಳಲ್ಲಿ ರೆಕ್ಸಿನ್ ಚೀಲ, ಬಾಯಲ್ಲಿ ಎಲೆಅಡಿಕೆ. ನಾಗಮಂಗಲ, ಪಾಂಡವಪುರ, ಪಟ್ಟಣ ಅಂತ ಬಸ್ಸಿನಲ್ಲೇ ಸುತ್ತುವ ಮದುವೆ ಬ್ರೋಕರು. ಚೀಲದೊಳಗೆ ಕೈಬಿಟ್ಟು ವೀಳ್ಯದೆಲೆಯ ಕವರು ತೆಗೆದ. ಅದರೊಳಗಿನ ಒದ್ದೆ ಎಲೆಗಳ ಪಕ್ಕದಿಂದ ಒಂದು ಹಾರ್ಡ್ ಡಿಸ್ಕು ಹೊರಬಂತು.

"ನೆನ್ನೆಯಿಂದ ಉಸ್ರೇ ಬುಡ್ತಿಲ್ಲ ಕಣವ್ವ. ಒಸಿ ನೋಡು. ನನ್ ಜೀವ್ನೆಲ್ಲ ಇದ್ರೊಳಗೇ ಅದೆ."

ಡಿಸ್ಕು ಅಂಟಂಟಾಗಿತ್ತು. ಕೇಬಲ್ಲು ಸಿಕ್ಕಿಸುವ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿತ್ತು. ಫರ್ಹತ್ ದುಪಟ್ಟಾದ ಅಂಚು ಮೂಗಿಗೆ ಹಿಡಿದುಕೊಂಡು ಹಲ್ಲುಕಡ್ಡಿಯಲ್ಲಿ ಅದನ್ನು ಕೆದಕಿದಳು, ಬ್ರಷ್ಷಿಗೆ ಸ್ಪಿರಿಟ್ಟು ಹಚ್ಚಿ ತಿಕ್ಕಿದಳು. ಆಮೇಲೆ ಅವನದೇ ಕೇಬಲ್ಲು ಹಾಕಿ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಡಿಸ್ಕಿನ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಲ್ಯಾಪ್‌ಟಾಪು ಟಿಣ್ ಅಂದು ಡಿಸ್ಕು ಬಂತು ಅಂತ ಹೇಳುವುದು, ಮರುಕ್ಷಣ ಹೋಯಿತು ಅನ್ನುವುದು. ಕೇಬಲ್ಲು ಮಧ್ಯದಲ್ಲಿ ಬಿಟ್ಟುಕೊಂಡಿದ್ದನ್ನು ಮರಿಸ್ವಾಮಿ ದಾರ ಸುತ್ತಿ ಕಟ್ಟಿದ್ದ. ಅದನ್ನು ಪಕ್ಕಕ್ಕೆ ಬಿಸಾಕಿ ತನ್ನದೊಂದು ಹಾಕಿದಳು. ದೀಪ ಆರದೆ ನಿಂತಿತು. ಆದರೆ ಡಿಸ್ಕು ತೆರೆಯಲಿಲ್ಲ. ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ ಅಂತ ಪರದೆ ಮೇಲೆ ಬಂತು.

"ಹೂಂ ಅನ್ನವ್ವ, ಮಾಡ್ಬುಡು," ಅಂದ ಮರಿಸ್ವಾಮಿ.

"ಹೂಂ ಅಂದ್ರೆ ಒಳಗಿರೋದೆಲ್ಲ ಹೋಗುತ್ತೆ. ಸುಮ್ನಿರಿ ಮರಿಸ್ವಾಮಣ್ಣ."

ಬೇಡ ಅಂತ ಒತ್ತಿ, ಡಿಸ್ಕನ್ನು ಮೆಲ್ಲಗೆ ಎತ್ತಿ ಕಿವಿಗೆ ಹಿಡಿದಳು. ಒಳಗೆ ತಟ್ಟೆ ಒಂದೇ ಸಮನೆ ತಿರುಗುತ್ತಿತ್ತು, ಟಕ್ ಟಕ್ ಸದ್ದಿರಲಿಲ್ಲ. ಹಾಗಾದರೆ ಆಸೆ ಇದೆ. ಫೈಲು ವಾಪಸ್ ತೆಗೆಯುವ ಸಾಫ್ಟ್‌ವೇರು ಹಚ್ಚಿ, ಡಿಸ್ಕಿಗೆ ಏನೂ ಬರೆಯದೆ ಬರೀ ಓದಿಸಿ, ಸಿಕ್ಕಿದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಲು ಬಿಟ್ಟಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಪರದೆಯ ಮೂಲೆಯಿಂದ ಪುಟ್ಟ ಪುಟ್ಟ ಚೌಕಗಳು ಮೂಡತೊಡಗಿದವು. ಎಲ್ಲವೂ ಹೆಣ್ಣುಮಕ್ಕಳ ಮುಖ.

ಮರಿಸ್ವಾಮಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಬಂದೋ! ನೋಡು, ಇವಳು ಬಣ್ಣ ಒಸಿ ಕಮ್ಮಿ. ಸ್ಟುಡಿಯೋದವ್ನ ಕೈಲಿ ಬೆಳ್ಳಗೆ ಮಾಡ್ಸಿವ್ನಿ. ಇವಳು ದಪ್ಪ, ಎರಡನೇ ಸಂಬಂಧಕ್ಕೆ ಆಯ್ತದೆ. ಇದು ಕುಂಟು, ಅದುಕ್ಕೇ ಸೊಂಟದ ತಂಕ ಮಾತ್ರ ತೆಗ್ಸಿರೋದು."

ಎಲೆ ಹಾಕಿಕೊಂಡ ಬೆರಳಿನಿಂದಲೇ ಪರದೆಯನ್ನು ತಿವಿದು ತೋರಿಸುತ್ತಿದ್ದ. ತಿವಿದ ಜಾಗದಲ್ಲಿ ಕೆಂಪು ಕಲೆ ಉಳಿಯುತ್ತಿತ್ತು. ಫರ್ಹತ್ ಒರೆಸುವಳು, ಅವನು ಮತ್ತೆ ತಿವಿಯುವನು. ಮೇಕೆ ಸಂತೆಯಲ್ಲೂ ಜನ ಇಷ್ಟು ಜೋರಾಗಿ ಮಾತಾಡುವುದಿಲ್ಲ ಅನ್ನಿಸಿತು ಅವಳಿಗೆ. ಹೊಲ ಮನೆ ಇರುವ ಗಂಡುಮಕ್ಕಳಿಗೂ ಈ ಕಡೆ ಹೆಣ್ಣು ಸಿಗುತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅದರ ಮೇಲೆ ಹೀಗೊಬ್ಬ ಕೊಬ್ಬುತ್ತಿದ್ದಾನೆ ಅನ್ನುವುದು ಗೊತ್ತಿರಲಿಲ್ಲ.

ಅಷ್ಟರಲ್ಲಿ ರಮ್ಯಳ ಮುಖ ಬಂತು.

ಕರಿಘಟ್ಟದ ಮೆಟ್ಟಿಲ ಮೇಲೆ, ಹಸಿರು ಚೂಡಿದಾರಿನಲ್ಲಿ, ಬಿಸಿಲಿಗೆ ಒಂದು ಕಣ್ಣು ಮುಚ್ಚಿ ನಗುತ್ತಿದ್ದಳು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷವೂ ಇಬ್ಬರದೂ ಒಂದೇ ಬೆಂಚು. ಫೋಟೋದಲ್ಲಿ ಫರ್ಹತ್ ಕೂಡ ಇದ್ದಳು. ಯಾರೋ ಅವಳನ್ನು ಕತ್ತರಿಸಿ ತೆಗೆದಿದ್ದರು. ರಮ್ಯಳ ಭುಜದ ಪಕ್ಕದಲ್ಲಿ ಒಂದು ನೀಲಿ ದುಪಟ್ಟಾದ ತುದಿ ಮಾತ್ರ ಉಳಿದಿತ್ತು.

"ಇವಳು ಯಾರು?" ಫರ್ಹತ್ ಕೇಳಿದಳು. ಗೊತ್ತಿದ್ದೇ ಕೇಳಿದಳು.

"ಅದಾ? ಬಿಂಡಿಗನವಿಲೆ ಹೆಣ್ಣು. ಬಂಗಾರ ಕಣವ್ವ ಅದು. ನಲವತ್ತಾದ ಗಂಡೂ ಆ ಮೊಕ ತೋರ್ಸುದ್ರೆ ಎದ್ದು ಕೂತ್ಕತಾನೆ."

"ಇವಳು ಸತ್ತು ಎರಡು ವರ್ಷ ಆಯ್ತು."

ಮರಿಸ್ವಾಮಿ ಅಗಿಯುವುದನ್ನು ನಿಲ್ಲಿಸಲಿಲ್ಲ. "ಊಂ, ಅಂಗಂದ್ರು. ಹೆರಿಗೇಲಿ ಓಯ್ತಂತೆ, ಪಾಪ. ಆದ್ರೆ ಫೋಟೋಗೇನಾಗದೆ ಯೋಳು? ಮೊದ್ಲು ಇದ್ನ ಪ್ರಿಂಟು ಹಾಕ್ಸಿ ತೋರುಸ್ತೀನಿ. ಗಂಡು ಒಪ್ಕಂಡು ದುಡ್ಡು ಕೊಟ್ಟು ಹೆಸ್ರು ಬರೆಸ್ದ ಮ್ಯಾಕೆ ಜಾತಕ ಕೂಡ್ನಿಲ್ಲ ಅಂತೀನಿ, ಬೇರೇದು ತೋರುಸ್ತೀನಿ. ಇದ್ರಾಗೆ ಅರ್ಧಕ್ಕರ್ಧ ಮದ್ವೆಯಾಗಿರವೇ ಕಣವ್ವ. ಯಾರ್ಗೂ ನಷ್ಟ ಇಲ್ಲ."

ರಮ್ಯಳನ್ನು ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅಂಗಳದಲ್ಲಿ ಮಲಗಿಸಿದ್ದನ್ನು ಫರ್ಹತ್ ಕಣ್ಣಾರೆ ನೋಡಿದ್ದಳು. ಆ ಮುಖವನ್ನು ಇವನು ಎರಡು ವರ್ಷದಿಂದ ಮನೆ ಮನೆಯ ಜಗುಲಿ ಮೇಲೆ ಹರಡುತ್ತಿದ್ದಾನೆ. ಯಾರು ಯಾರೋ ಅದನ್ನು ನೋಡಿ ಬಾಯಿ ಚಪ್ಪರಿಸಿದ್ದಾರೆ.

ಅವಳು ಇಳಿಸುವುದನ್ನು ನಿಲ್ಲಿಸಿಬಿಟ್ಟಳು.

"ಯಾಕವ್ವ ನಿಲ್ಸ್‌ಬುಟ್ಟೆ?"

"ಅವಳು ನನ್ನ ಫ್ರೆಂಡು."

"ಓ, ಅಷ್ಟೇನಾ! ಮೊದ್ಲೇ ಯೋಳಬಾರ್ದಾ? ಅದೊಂದ ತಗ್ದಾಕು, ಬ್ಯಾರೆ ಹಾಕ್ಕತೀನಿ. ಮಿಕ್ಕವ್ನ ಇಳ್ಸು."

ಜಗಳಕ್ಕೆ ಬಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಸಾಂಬಾರಿನಿಂದ ಕರಿಬೇವು ಎತ್ತಿ ಹಾಕಿದಷ್ಟು ಸಲೀಸಾಗಿ ಅವನು ಒಪ್ಪಿಕೊಂಡದ್ದೇ ಅವಳಿಗೆ ಅಸಹ್ಯ ಹುಟ್ಟಿಸಿತು. ಆ ಫಾರ್ಮ್ಯಾಟ್ ಮಾತಿಗೆ ಒಮ್ಮೆ ಹೂಂ ಅಂದುಬಿಟ್ಟರೆ ಎಲ್ಲ ಹುಡುಗಿಯರೂ ಇವನ ಕೈಯಿಂದ ತಪ್ಪಿಸಿಕೊಳ್ಳುತ್ತಾರೆ ಅನ್ನುವ ಯೋಚನೆ ಬಂತು. ಪರದೆ ಮೇಲಿನ ಮೌಸಿನ ಬಾಣ ಅಲ್ಲಿಯವರೆಗೂ ಹೋಯಿತು ಕೂಡ. ಆದರೆ ನಂಬಿ ಕೈಗೆ ಕೊಟ್ಟ ಸಾಮಾನನ್ನು ಅವಳು ಯಾವತ್ತೂ ಕೆಡಿಸಿದವಳಲ್ಲ, ಬೆರಳು ಒತ್ತಲಿಲ್ಲ. ಬದಲಿಗೆ, ತನ್ನ ಲ್ಯಾಪ್‌ಟಾಪಿಗೆ ಇಳಿದಿದ್ದ ಫೋಟೋಗಳನ್ನೆಲ್ಲ ಅವನ ಕಣ್ಣೆದುರೇ ಅಳಿಸಿ, ಡಿಸ್ಕನ್ನು ಕಿತ್ತು ಅವನ ಮುಂದಿಟ್ಟಳು.

"ನಿಮ್ಮ ಡಿಸ್ಕು ಹಂಗೇ ಇದೆ. ನಾನು ಮಾಡಲ್ಲ. ಎತ್ತಿಕೊಂಡು ಹೋಗಿ."

ಮರಿಸ್ವಾಮಿಯ ಮುಖ ಬಿಗಿದುಕೊಂಡಿತು. "ನಿಮ್ ಜನಕ್ಯಾಕವ್ವ ನಮ್ ಮದ್ವೆ ಉಸಾಬರಿ? ರಿಪೇರಿಯೋಳು ರಿಪೇರಿ ಮಾಡು."

ಆ ಹೊತ್ತಿಗೆ ಹಸೀಬ್ ಊಟಕ್ಕೆ ಬಂದ. ಬಾಗಿಲಲ್ಲೇ ಮಾತು ಕೇಳಿಸಿಕೊಂಡು, ದನಿ ಏರಿಸದೆ, "ಬಸ್ಸು ಸಿಗುತ್ತೆ ಗೌಡ್ರೇ, ಹೊರಡಿ," ಅಂದ. ಮರಿಸ್ವಾಮಿ ದಾರ ಸುತ್ತಿದ ಕೇಬಲ್ಲನ್ನೂ ಮರೆಯದೆ ಎತ್ತಿಕೊಂಡು, ಮೆಟ್ಟಿಲ ಪಕ್ಕ ಪಿಚಕ್ಕನೆ ಉಗಿದು ಹೋದ. ಅವತ್ತು ಫರ್ಹತ್ ಊಟಕ್ಕೆ ಕೂತರೂ ಉಣ್ಣದೆ ಎದ್ದಳು.

ಸಂಜೆ ಅವಳು ರಮ್ಯಳ ಅಣ್ಣ ಚಲುವರಾಜುಗೆ ಫೋನ್ ಮಾಡಿದಳು. ಬಿಂಡಿಗನವಿಲೆಯಲ್ಲಿ ರಾಗಿ ಬೆಳೆದುಕೊಂಡು, ಕುರಿ ಸಾಕಿಕೊಂಡು ಇರುವ ಮನುಷ್ಯ. ನಲವತ್ತು ಹತ್ತಿರವಾಗಿದ್ದರೂ ಮದುವೆ ಇಲ್ಲ. ನಡೆದದ್ದನ್ನೆಲ್ಲ ಹೇಳಿದಳು.

"ಆ ಫೋಟೋ ಕೊಟ್ಟೋನು ನಾನೇ ಕಣವ್ವ," ಅಂದ ಅವನು. "ಅವ್ಳಿಗೆ ಗಂಡು ನೋಡೋವಾಗ."

"ಅದ್ರಲ್ಲಿ ನಿಮ್ದೇನಿದೆ ಚಲುವಣ್ಣ."

"ಅದಲ್ಲ. ನಂಗೂ ಒಂದ್ ಹೆಣ್ಣು ತೋರ್ಸವ್ನೆ ಅವ್ನು. ಪಾಂಡವಪುರದ ಕಡೇದು. ಜಾತಕ ಕೂಡ್ತದೆ, ಒಸಿ ತಡಿ ಅಂತ ದಿನ ತಳ್ತಾವ್ನೆ. ಆ ಹೆಣ್ಣು..." ಅವನ ದನಿ ಇಳಿಯಿತು. "ಬದುಕಿದ್ದದಾ ಫರ್ಹತ್?"

ಆಮೇಲೆ ಫೋಟೋ ಕಳಿಸಿದ. ಮಲ್ಲಿಗೆ ಮುಡಿದ, ಅರ್ಧ ನಕ್ಕ ಹುಡುಗಿ. ಬೆಳಿಗ್ಗೆ ಬಂದ ಚೌಕಗಳಲ್ಲಿ ಆ ಮುಖವೂ ಇತ್ತು. ಆದರೆ ಅವಳ ಬಗ್ಗೆ ಮರಿಸ್ವಾಮಿ ಏನೂ ಹೇಳಿರಲಿಲ್ಲ. ಊರ ಹೆಸರು ಗೊತ್ತಿದ್ದರೆ ಹೋಗಿ ವಿಚಾರಿಸಿ ಅಂದಳು ಫರ್ಹತ್.

ಚಲುವರಾಜು ಹೋಗಿ ಬಂದು, ಒಂದು ವಾರದ ಮೇಲೆ ತಾನೇ ಫೋನ್ ಮಾಡಿದ.

"ಮನೆ ಸಿಕ್ತು. ಅವ್ರಪ್ಪ ಜಗುಲಿ ಮೇಲೆ ಕೂತಿದ್ರು. ಏನಪ್ಪಾ ಬಂದೆ ಅಂದ್ರು. ಕುರಿ ಮಾರ್ತೀರಂತಲ್ಲ ಅಂದ್ಬುಟ್ಟೆ. ಪಾಪ, ಕೊಟ್ಟಿಗೆಗೆ ಕರ್ಕಂಡೋಗಿ ಒಂದೊಂದೇ ಹಿಡ್ದು ತೋರುಸ್ತಾವ್ರೆ. ಅಷ್ಟ್ರಲ್ಲಿ ಆ ಹೆಣ್ಣೇ ಕಾಫಿ ತಂತು. ಸೊಂಟದ ಮ್ಯಾಲೆ ಮಗ ಅದೆ. ತವರಿಗೆ ಬಂದದಂತೆ. ಅಣ್ಣಾ ತಗಳಿ ಅಂತು. ನಾನು ತಲೆ ಎತ್ನಿಲ್ಲ, ಕುರಿ ಹಲ್ಲು ನೋಡೋನಂಗೆ ಬಗ್ಗೇ ಇದ್ದೆ. ಮನ್ಸಲ್ಲಿ ಎರಡು ತಿಂಗ್ಳಿಂದ ಸಂಸಾರ ಮಾಡಿವ್ನಿ ಅದ್ರ ಜೊತೆ. ಆ ಕಾಫಿ ಕುಡೀದೆ ಅಲ್ಲೇ ಮಡಗಿ ಬಂದೆ ಕಣವ್ವ."

ಅಲ್ಲಿಂದ ನೇರ ಕೆ.ಆರ್. ಪೇಟೆಗೆ ಹೋದನಂತೆ. ಬಸ್ ಸ್ಟ್ಯಾಂಡಿನಲ್ಲಿ ಮರಿಸ್ವಾಮಿ ಸಿಕ್ಕ. ಡಿಸ್ಕಿನ ಕಥೆ ಮುಗಿದಿತ್ತು. ಬೇರೆ ಎಲ್ಲೋ ರಿಪೇರಿಗೆ ಕೊಟ್ಟು, ಅಲ್ಲಿ ಫಾರ್ಮ್ಯಾಟಿಗೆ ಹೂಂ ಅಂದದ್ದರಿಂದ ಎಲ್ಲ ಅಳಿಸಿಹೋಗಿತ್ತು. ಅದಕ್ಕೆ ಅವನೇನೂ ಅತ್ತಿರಲಿಲ್ಲ. ಊರೂರಿನವರಿಂದ ವಾಟ್ಸಾಪಿನಲ್ಲಿ ತರಿಸಿಕೊಂಡು ಆಗಲೇ ಫೋನಿನ ತುಂಬ ಹೊಸದಾಗಿ ತುಂಬಿಕೊಂಡಿದ್ದ.

"ಕಪಾಳಕ್ಕೆ ಬಿಗೀಬೇಕು ಅಂತ್ಲೇ ಓಗಿದ್ದೆ," ಅಂದ ಚಲುವರಾಜು. "ನಿನ್ನ ಮೊಕಕ್ಕಿಷ್ಟು, ನನ್ ತಂಗಿ ಫೋಟೋ ಇಟ್ಕಂಡು ಏನ್ಲಾ ಮಾಡ್ತಿದ್ದೆ ಅಂದೆ. ಅವ್ನು ನನ್ ಕೈ ಇಡ್ಕಂಡು, ಕೋಪ ಬುಡ್ಲಾ ಚಲುವ, ನಿಂಗೇ ಅಂತ ಒಳ್ಳೇದೊಂದು ಮಡಗಿವ್ನಿ ಅಂತ ಫೋನು ಮುಂದಕ್ಕಿಡ್ದ."

"ಆಮೇಲೆ?"

"ನೋಡ್ಬುಟ್ಟೆ ಕಣವ್ವ. ವಡಿಯಕ್ಕೆ ಎತ್ತಿದ ಕೈ ಅಂಗೇ ಇತ್ತು, ಕಣ್ಣು ಮಾತ್ರ ಫೋನ್ ಮ್ಯಾಲೇ ಓಯ್ತು. ನೋಡಾದ ಮ್ಯಾಕೇ ಅವ್ನ ತಳ್ಬುಟ್ಟು ಬಂದೆ. ಥೂ, ನನ್ ಜನ್ಮಕ್ಕೆ."

"ಊಟ ಆಯ್ತಾ ಚಲುವಣ್ಣ?" ಅಂದಳು ಫರ್ಹತ್.

"ಇಲ್ಲ," ಅಂದ ಅವನು.